ಮಗಳಿಗೊಂದು ಪತ್ರ: ಗಡುವಿನ ಎಣಿಕೆ ಯಾವ ದಿನದಿಂದ?

ಉಪ್ಪಳ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ಕಳುಹಿಸಿದ ಫ್ರಾಂಚೈಸಿ ಕರಾರಿನ, ಅಂದರೆ ಕಂಪನಿಯ ಹೆಸರಿನಲ್ಲಿ ಅಂಗಡಿ ನಡೆಸುವ ಒಪ್ಪಂದದ, ಕರಡನ್ನು ಎರಡು ಸಲ ಓದಿದೆ. ಕಂಪನಿಗೆ ಕೊಡಬೇಕಾದ ರಾಯಲ್ಟಿಯ ಬಗ್ಗೆ, ಅಂಗಡಿಯ ಒಳಾಂಗಣದ ಬಗ್ಗೆ ನನ್ನ ತಕರಾರಿಲ್ಲ. ಪೆನ್ಸಿಲಿನಿಂದ ಗೆರೆ ಎಳೆದಿರುವುದು ಒಂದೇ ಕಲಮಿಗೆ: ಸಹಿ ಮಾಡಿದ ದಿನದಿಂದ 180 ದಿನಗಳೊಳಗೆ ಅಂಗಡಿ ತೆರೆಯಬೇಕು, ತಪ್ಪಿದರೆ ಕರಾರು ರದ್ದಾಗುತ್ತದೆ, ಕಟ್ಟಿದ ಶುಲ್ಕ ಮರಳಿ ಸಿಗುವುದಿಲ್ಲ. ಅದರ ಹಿಂದಿನ ಪುಟದಲ್ಲಿ, ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಜಾಗವನ್ನೂ ಗೊತ್ತುಮಾಡುವಂತಿಲ್ಲ ಎಂದಿದೆ. ಆ ಒಪ್ಪಿಗೆಯನ್ನು ಎಷ್ಟು ದಿನಗಳಲ್ಲಿ ಕೊಡುತ್ತಾರೆಂಬ ಮಾತು ಮಾತ್ರ ಎಲ್ಲಿಯೂ ಇಲ್ಲ. ಅವರು ತಡಮಾಡಿದ ದಿನಗಳೂ ನಿನ್ನ ಲೆಕ್ಕಕ್ಕೇ ಬೀಳುತ್ತವೆ.

ಇದನ್ನು ನಾನು ಅನುಭವಿಸಿದವನು. ನೀನು ಮೂರನೆಯ ತರಗತಿಯಲ್ಲಿದ್ದಾಗ ಕುಂಬಳೆಯಲ್ಲಿ ಒಂದು ಕಂಪನಿಯ ಮಳಿಗೆ ಹಾಕಲು ಸಹಿ ಮಾಡಿದ್ದೆ. ಫೋಟೋ, ನಕ್ಷೆ ಎಲ್ಲ ಕಳುಹಿಸಿ ಅವರ ಮನುಷ್ಯ ಬಂದು ನೋಡುವಾಗ ಎರಡೂವರೆ ತಿಂಗಳು ಕಳೆದಿತ್ತು. ಎದುರಿನ ಅಗಲ ಸಾಲದೆಂದು ಮೊದಲ ಕೋಣೆಯನ್ನು ಬೇಡವೆಂದರು; ಎರಡನೆಯದಕ್ಕೆ ಒಪ್ಪಿಗೆಯ ಕಾಗದ ಬರುವಾಗ ಮೇ ತಿಂಗಳ ಕೊನೆ. ಆಮೇಲೆ ನಮ್ಮ ಮಳೆ ಹಿಡಿಯಿತು. ಗೋಡೆಯ ಗಾರೆ ಒಣಗಲಿಲ್ಲ, ವಿದ್ಯುತ್ ಸಂಪರ್ಕ ಸಿಗಲಿಲ್ಲ. ಗಡುವು ಮುಗಿಯಿತೆಂಬ ನೋಟೀಸು ಮಾತ್ರ ಸರಿಯಾದ ದಿನಕ್ಕೆ ಬಂತು. ಶುಲ್ಕದ ಜೊತೆ ಕೋಣೆಗೆ ಕೊಟ್ಟ ಮುಂಗಡವೂ ಹೋಯಿತು.

ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಮುಖ್ಯ ಆಸರೆ 1872ರ ಕರಾರು ಕಾಯಿದೆ. ಕಾಲಮಿತಿಯೇ ಮುಖ್ಯವೆಂದು ಉಭಯ ಪಕ್ಷಗಳು ಉದ್ದೇಶಿಸಿದ್ದರೆ, ಗಡುವು ತಪ್ಪಿದಾಗ ಎದುರು ಪಕ್ಷವು ಕರಾರನ್ನು ರದ್ದುಪಡಿಸಬಹುದೆಂದು ಅದರ 55ನೆಯ ಕಲಮು ಹೇಳುತ್ತದೆ. ಎದುರು ಪಕ್ಷವೇ ತಕ್ಕ ಅನುಕೂಲ ಮಾಡಿಕೊಡದೆ ಹೋದರೆ, ಅದರಿಂದಾದ ಲೋಪಕ್ಕೆ ನೀನು ಹೊಣೆಯಲ್ಲ ಎನ್ನುವ 67ನೆಯ ಕಲಮೂ ಇದೆ, ನಿಜ. ಆದರೆ ಅದನ್ನು ಸಾಧಿಸಲು ನೀನು ದೆಹಲಿಗೆ ಅಲೆಯಬೇಕು. ವ್ಯಾಜ್ಯವೆಲ್ಲ ಅಲ್ಲಿಯೇ ಎಂದು ಕರಡಿನಲ್ಲಿ ಬರೆದಿದ್ದಾರೆ. ಆದುದರಿಂದ ಸಹಿಗೆ ಮೊದಲೇ ಕೇಳು. ಪೂರ್ತಿ ದಾಖಲೆ ತಲುಪಿದ 21 ದಿನಗಳೊಳಗೆ ಒಪ್ಪಿಗೆಯನ್ನೋ ಕಾರಣಸಹಿತ ನಿರಾಕರಣೆಯನ್ನೋ ಬರಹದಲ್ಲಿ ಕೊಡಬೇಕು; 180 ದಿನಗಳ ಎಣಿಕೆ ಒಪ್ಪಿಗೆಯ ದಿನದಿಂದ ಆರಂಭವಾಗಬೇಕು; ಪಂಚಾಯತಿನ ಪರವಾನಗಿ, ಆಹಾರ ಸುರಕ್ಷತೆಯ ಲೈಸೆನ್ಸು, ವಿದ್ಯುತ್ ಸಂಪರ್ಕ ಇವುಗಳಲ್ಲಿ ನಿನ್ನ ತಪ್ಪಿಲ್ಲದೆ ಆದ ವಿಳಂಬವನ್ನು ಗಡುವಿನ ಎಣಿಕೆಗೆ ಸೇರಿಸಬಾರದು; ಮೂರು ಜಾಗಗಳನ್ನು ನಿರಾಕರಿಸಿದರೆ ಶುಲ್ಕ ಹಿಂತಿರುಗಿಸಬೇಕು.

ನೀನು ಮೆಚ್ಚಿದ ಕೋಣೆಯನ್ನು ಮೊನ್ನೆ ಬೆಳಿಗ್ಗೆ ನೋಡಿ ಬಂದೆ. ಷಟ್ಪಥ ಹೆದ್ದಾರಿಯ ಸರ್ವಿಸ್ ರಸ್ತೆಗಿಂತ ಅದರ ನೆಲ ಒಂದು ಗೇಣು ತಗ್ಗು. ಶಟರಿನ ಬುಡದಲ್ಲಿ ಕಳೆದ ಮಳೆಗಾಲದ ಕೆಸರಿನ ಗೆರೆ ಇನ್ನೂ ಇದೆ. ಕಂಪನಿ ಈ ಜಾಗವನ್ನು ಒಪ್ಪಿದರೂ ಆ ಒಪ್ಪಿಗೆ ವ್ಯಾಪಾರದ ಭರವಸೆಯಲ್ಲವೆಂದು ಕರಡಿನಲ್ಲೇ ಇರುವುದರಿಂದ, ನೀರು ನುಗ್ಗಿದರೆ ನಷ್ಟ ನಿನ್ನದೇ. ನೆಲ ಎತ್ತರಿಸುವ ಖರ್ಚನ್ನು ಯಾರು ಭರಿಸಬೇಕೆಂದು ಬಾಡಿಗೆ ಕರಾರಿನಲ್ಲಿ ಬರೆಸು. ಬಾಡಿಗೆಯ ಅವಧಿ ಒಂದು ವರ್ಷಕ್ಕಿಂತ ಹೆಚ್ಚಾದರೆ ಆ ಪತ್ರವನ್ನು ನೋಂದಾಯಿಸಲೇಬೇಕು.

ಕಂಪನಿಯ ಲಿಖಿತ ಒಪ್ಪಿಗೆ ಬರುವವರೆಗೆ ಮುಂಗಡ ಕೊಡಬೇಡ. ಕಟ್ಟಡದ ಯಜಮಾನರಲ್ಲಿ ಮಾತನಾಡಿದ್ದೇನೆ, ತಿಂಗಳ ಕೊನೆಯವರೆಗೆ ಕಾಯಲು ಒಪ್ಪಿದ್ದಾರೆ. ಗೆರೆ ಹಾಕಿದ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ.

ಇತಿ,
ನಿನ್ನ ಅಪ್ಪ