ನಗಿಸುವ ಮಗಳಿಗೆ

ಮಗಳೇ,

ಹುಬ್ಬಳ್ಳಿಯ ಹಾಸ್ಯ ಕಾರ್ಯಕ್ರಮದಲ್ಲಿ ನೀನು ಹೇಳಿದ ಒಂದು ಮಾತಿನ ಬಗ್ಗೆ ಮೊನ್ನೆ ಫೋನಿನಲ್ಲಿ ವಾದವಾಯಿತಲ್ಲ, ಅದಕ್ಕೇ ಈ ಕಾಗದ. ಅದರ ವಿಡಿಯೊದಲ್ಲಿ ಹಾಸ್ಟೆಲ್ಲಿನ ಉಪ್ಪಿಟ್ಟಿನ ಬಗ್ಗೆ ನೀನು ಹೇಳಿದ್ದಕ್ಕೆ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಹುಬ್ಬಳ್ಳಿಯಂಥ ಊರಿನಲ್ಲಿ ಅಷ್ಟು ಜನರ ಮುಂದೆ ಅಂಜದೆ ನಿಂತಳಲ್ಲ ಎಂದು ನಿನ್ನ ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು. ಆಮೇಲೆ ಬಂತು ಆ ಮಾತು: "ಹಾವೇರಿಯಲ್ಲಿ ನಷ್ಟವಿಲ್ಲದ ಬೆಳೆ ಒಂದೇ, ಸಾವು. 5 ಲಕ್ಷ ಖಾತ್ರಿ." ಸಭೆಯೆಲ್ಲ ಚಪ್ಪಾಳೆ.

"ಅದು ಡಾರ್ಕ್ ಹ್ಯೂಮರ್ ಅಪ್ಪಾ, ನಿನಗೆ ತಿಳಿಯುವುದಿಲ್ಲ" ಎಂದೆ ನೀನು. ಸಾವುನೋವನ್ನೂ ನಗೆಯಾಗಿಸುವ ಹಾಸ್ಯವಂತೆ, ಇರಬಹುದು. ಆದರೆ ಆ ಕಡತಗಳು ನನಗೆ ತಿಳಿದಿವೆ. ಆತ್ಮಹತ್ಯೆ ಮಾಡಿಕೊಂಡ ರೈತನ ಮನೆಯವರಿಗೆ ಸರ್ಕಾರ ಕೊಡುವ ಪರಿಹಾರ 2015ರಲ್ಲಿ 5 ಲಕ್ಷಕ್ಕೇರಿತು, ನಿಜ. ಸತ್ತ ಮಾತ್ರಕ್ಕೆ ಅದು ಬರುವುದಿಲ್ಲ. ಮರಣೋತ್ತರ ಪರೀಕ್ಷೆಯ ವರದಿ, ಪಹಣಿ, ಸಾಲದ ಕಾಗದ ಎಲ್ಲವೂ ಉಪವಿಭಾಗಾಧಿಕಾರಿಗಳ ಸಮಿತಿಯ ಮುಂದೆ ಹೋಗಬೇಕು. ಕೈಗಡ ಕೊಟ್ಟ ಸಾವುಕಾರ ಕಾಗದ ಕೊಡುತ್ತಾನೆಯೇ?

ಆ ಪರಿಹಾರಕ್ಕಾಗಿ ಬ್ಯಾಡಗಿ ಕಡೆಯ ವಿಧವೆಯೊಬ್ಬಳು ಕಚೇರಿಗೆ ಬರುತ್ತಿದ್ದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ. ಹೆಬ್ಬೆಟ್ಟು ಒತ್ತುವ ಮುನ್ನ ಉರಿಯುವ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುವಳು. ಒಂದು ದಿನ ಮೇಜಿನ ಆಚೆ ಕುಳಿತವರೊಬ್ಬರು, "ಏನವ್ವಾ, ಗಂಡ ಇದ್ದಾಗ ಇಷ್ಟು ದುಡ್ಡು ಕಂಡಿದ್ದೆಯಾ?" ಎಂದರು. ಜಾತಿ ಪ್ರಮಾಣಪತ್ರಕ್ಕೆ ಬಂದವರೂ ನಕ್ಕರು. ಆಕೆಯೂ ನಕ್ಕಳು. ನಗದಿದ್ದರೆ ಕಡತ ಎಲ್ಲಿ ನಿಂತುಬಿಡುವುದೋ ಎಂಬ ಅಂಜಿಕೆಗೆ ನಕ್ಕಳು.

2023ರಲ್ಲಿ ಸಚಿವರೊಬ್ಬರು ಹಾವೇರಿಯಲ್ಲೇ, ಪರಿಹಾರ ಹೆಚ್ಚಿಸಿದ ಮೇಲೆ ಆತ್ಮಹತ್ಯೆಯ ವರದಿಗಳು ಹೆಚ್ಚಿವೆ ಎಂಬ ಅರ್ಥದಲ್ಲಿ ಮಾತನಾಡಿದರು. ರೈತರು ಸಿಟ್ಟಿಗೆದ್ದರು. ಸಚಿವರು ನಗದೆ ಹೇಳಿದ್ದನ್ನೇ ನೀನು ನಗಿಸಿ ಹೇಳಿದೆ. ಸಚಿವರಿಗೆ ಎದುರಾಡಲು ಬಂತು. ನಿನಗೆ ಎದುರಾಡಿದವರು ತಮಾಷೆ ತಿಳಿಯದ ಮುದುಕರು! ನಾಳೆ ನಿನ್ನ ಸಭಿಕರಲ್ಲೇ ಯಾರೋ ಆ ಮೇಜಿನ ಆಚೆ ಕುಳಿತುಕೊಳ್ಳುತ್ತಾರೆ. ವಿಧವೆ ಬಂದು ನಿಂತಾಗ ಅವರಿಗೆ ಮೊದಲು ನೆನಪಾಗುವುದು ಯಾವುದು?

ಸಾವಿನ ಬಗ್ಗೆ ನಗಲೇಬಾರದು ಎನ್ನುತ್ತಿಲ್ಲ. ಸಾಲದಲ್ಲಿ ಮುಳುಗಿದ ರೈತನೇ ಕಟ್ಟೆಯ ಮೇಲೆ ಕುಳಿತು, "ಬ್ಯಾಂಕಿನವರು ನನ್ನ ಕುಣಿಗೂ ನೋಟಿಸು ಅಂಟಿಸುತ್ತಾರೆ" ಎಂದರೆ ನಾನೂ ನಗುತ್ತೇನೆ. ಅಲ್ಲಿ ಪೆಟ್ಟು ಬೀಳುವುದು ಬ್ಯಾಂಕಿಗೆ. ಅಂಗವಿಕಲರ ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ 2024ರಲ್ಲಿ, ತಿಳಿವಳಿಕೆ ಹೆಚ್ಚಿಸುವ ಹಾಸ್ಯ ಬೇರೆ, ಹೀನಾಯ ಮಾಡುವ ಹಾಸ್ಯ ಬೇರೆ ಎಂದು ಗೆರೆ ಎಳೆದಿದೆ. ತೀರ್ಪನ್ನು ಓದು. ಓದುವ ಹುಡುಗಿ ನೀನು, ಬರೆಯುವವಳು, ಅಷ್ಟು ಜಾಣೆ... ಮತ್ತೆ ಭಾಷಣವಾಯಿತು, ಬೇಜಾರಾಗಬೇಡ.

ಬ್ಯಾಡಗಿಯ ಆಕೆ ನಕ್ಕಾಗ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ಅದನ್ನು ಹೇಳಿದೆನೋ ಇಲ್ಲವೋ. ನಿನ್ನ ವಿಡಿಯೊ ಆಕೆಯ ಮಕ್ಕಳ ಮೊಬೈಲಿಗೂ ಹೋಗಿರಬಹುದು ಎಂಬುದೇ ನನ್ನ ಹೆದರಿಕೆ. ಅವರೂ ಈಗ ಕಾಲೇಜು ಓದುವ ವಯಸ್ಸಿನವರು.

ಮುಂದಿನ ತಿಂಗಳು ಧಾರವಾಡದ ಕಾರ್ಯಕ್ರಮಕ್ಕೆ ಬರಬೇಕೆಂದಿದ್ದೇವೆ. ಅದೇ ಮಾತನ್ನು ಮತ್ತೆ ಹೇಳುವುದಿದ್ದರೆ ಮೊದಲೇ ತಿಳಿಸು, ನಿನ್ನ ಅವ್ವ ಒಬ್ಬಳೇ ಬರುತ್ತಾಳೆ.

ನಿನ್ನ ಅಪ್ಪ