ಉಬ್ಬರದ ಹೊತ್ತು ನೋಡಿ ಹೊರಡು

ಚಿರಂಜೀವಿ ಪುಟ್ಟನಿಗೆ ಮಾವನ ಆಶೀರ್ವಾದ.

ಕಡಲಂಚಿನ ಹತ್ತು ದಿನದ ಪ್ರವಾಸಕ್ಕೆಂದು ನೀನು ಕಳಿಸಿದ ಸಾಮಾನಿನ ಪಟ್ಟಿ ನೋಡಿದೆ. ಟೆಂಟು, ಒಲೆ, ಟಾರ್ಚು, ಹಗ್ಗ ಎಲ್ಲ ಇವೆ. ಆ ಹತ್ತು ದಿನಗಳ ಉಬ್ಬರ ಇಳಿತದ ವೇಳಾಪಟ್ಟಿ ಮಾತ್ರ ಇಲ್ಲ. ಜನವಸತಿ ಇಲ್ಲದ ಕಡಲಂಚಿನಲ್ಲಿ ಯಾವಾಗ ಹೊರಡಬೇಕು, ಎಲ್ಲಿ ಮಲಗಬೇಕು ಅನ್ನುವುದು ಅದರಿಂದಲೇ ತೀರ್ಮಾನವಾಗುತ್ತದೆ. ಸಿಗ್ನಲ್ ನಂಬಬೇಡ, ಕಾಗದದ ಮೇಲೆ ಬರೆದಿಟ್ಟುಕೋ.

ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಕ್ಕೆ 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಹೋಗುವಾಗ ಬೆಳಿಗ್ಗೆ ಒಂಬತ್ತಕ್ಕೆ ಒಣಗಿದ್ದ ಜಾಗದಲ್ಲಿ ನಾಲ್ಕೈದು ದಿನ ಕಳೆದು ಬರುವಾಗ ಅದೇ ಹೊತ್ತಿಗೆ ಸೊಂಟದ ಮಟ್ಟ ನೀರಿರಬಹುದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸು ಏರಿಳಿತ ಜೋರು, ಅಷ್ಟಮಿಯ ಹೊತ್ತಿಗೆ ಕಡಿಮೆ. ಇನ್ನೊಂದು ಮಾತು: ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಆರು ಗಂಟೆಯ ಏರಿಕೆಯಲ್ಲಿ ಮೊದಲ ಗಂಟೆಗೆ ಹನ್ನೆರಡರಲ್ಲಿ ಒಂದು ಪಾಲು, ಮೂರನೆಯ ಮತ್ತು ನಾಲ್ಕನೆಯ ಗಂಟೆ ಸೇರಿ ಅರ್ಧಕ್ಕರ್ಧ. ಮೊದಲ ಗಂಟೆಯ ನಿಧಾನ ನೋಡಿ ‘ಇನ್ನೂ ಹೊತ್ತಿದೆ’ ಅಂದುಕೊಂಡವರೇ ಎರಡು ಭೂಶಿರಗಳ ನಡುವೆ ಸಿಕ್ಕಿಬೀಳುವುದು. ಅಂಥ ಕಡೆ ನಡೆದುಹೋಗುವುದಿದ್ದರೆ ನೀರು ಪೂರ್ತಿ ಇಳಿಯುವ ಹೊತ್ತಿಗೆ ಎರಡು ಗಂಟೆ ಮೊದಲೇ ಹೊರಡು, ನೀರು ತಿರುಗುವಷ್ಟರಲ್ಲಿ ವಾಪಸು ಬಂದಿರು.

ಟೆಂಟ್ ಹಾಕುವ ಮುನ್ನ ಕಡಲು ತಂದೊಗೆದ ಪಾಚಿ, ಕಡ್ಡಿ, ಚಿಪ್ಪುಗಳ ಸಾಲು ಹುಡುಕು. ಹಲವು ಸಾಲುಗಳಿದ್ದರೆ ಹಸಿಯಾಗಿರುವುದು ಇವತ್ತಿನದು, ಎಲ್ಲಕ್ಕಿಂತ ಮೇಲಿನದು ಬಿರುಗಾಳಿಯ ದಿನದ್ದು. ಮಲಗುವುದು ಆ ಮೇಲಿನ ಸಾಲಿಗಿಂತಲೂ ಮೇಲೆ. ಹಾಗೆಂದು ಕಡಿದಾದ ಬಂಡೆಯ ಬುಡಕ್ಕೆ ಒರಗಬೇಡ. ಕೆಳಗೆ ಚೂಪಾದ ಅಂಚಿನ ಹೊಸ ಕಲ್ಲುಗಳು ಬಿದ್ದಿದ್ದರೆ ಮೇಲಿಂದ ಇನ್ನೂ ಉದುರುತ್ತಿವೆ ಎಂದರ್ಥ. ಬಂಡೆಯ ನೆತ್ತಿಯ ಅಂಚೂ ಬೇಡ, ಅಡಿಯ ಮಣ್ಣನ್ನು ಅಲೆ ಕೊರೆದಿರುವುದು ಮೇಲಿನಿಂದ ಕಾಣುವುದಿಲ್ಲ.

ತೆಳು ಗೂಟಗಳು ಮರಳಿನಲ್ಲಿ ಒಂದು ಗಾಳಿಗೇ ಕಿತ್ತುಬರುತ್ತವೆ. ಬಟ್ಟೆಯ ಚೀಲಕ್ಕೆ ಮರಳು ತುಂಬಿ, ಬಾಯಿಗೆ ಹಗ್ಗ ಬಿಗಿದು, ಮೊಳದಷ್ಟು ಆಳಕ್ಕೆ ಹೂತು ಮೇಲೆ ಚೆನ್ನಾಗಿ ತುಳಿ. ಆ ಹಗ್ಗಕ್ಕೇ ಟೆಂಟನ್ನು ಕಟ್ಟು. ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ. ಹಗಲು ಕಡಲಿನಿಂದ ಬೀಸುವ ಗಾಳಿ ರಾತ್ರಿ ನೆಲದಿಂದ ಬೀಸುವುದುಂಟು, ಆದ್ದರಿಂದ ನಾಲ್ಕೂ ಕಡೆ ಬಿಗಿ. ಎಷ್ಟೇ ಚಳಿಯಾದರೂ ಒಲೆಯನ್ನು ಟೆಂಟಿನೊಳಗೆ ತರಬೇಡ. ಅದು ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ಮರಳಿನ ಮೇಲೆ ಗಾಡಿ ಓಡಿಸುವುದು ಅನುಮತಿ ಇದ್ದಲ್ಲಿ ಮಾತ್ರ, ಅದೂ ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ. ಟೈರಿನ ಗಾಳಿಯನ್ನು ಸುಮಾರು 18 ಪಿಎಸ್‌ಐಗೆ ಇಳಿಸು. ಆಗ ಟೈರು ಉದ್ದಕ್ಕೆ ಚಪ್ಪಟೆಯಾಗಿ ಭಾರ ಹಂಚಿಕೊಳ್ಳುತ್ತದೆ. ಆದರೆ ಗಕ್ಕನೆ ತಿರುಗಿಸಿದರೆ ರಿಮ್ಮಿನಿಂದ ಕಳಚಿಕೊಳ್ಳುತ್ತದೆ, ನಿಧಾನ. ಚಕ್ರ ಹೂತರೆ ಆಕ್ಸಿಲರೇಟರ್ ಒತ್ತುವುದು ಬಾವಿ ತೋಡಿದಂತೆ. ಇಳಿದು, ಹೊಟ್ಟೆಯಡಿಯ ಮತ್ತು ಚಕ್ರದ ಹಿಂದಿನ ಮರಳು ತೆಗೆದು, ಬಂದ ಜಾಡಿನಲ್ಲೇ ಹಿಂದಕ್ಕೆ ತಾ. ಜ್ಯಾಕಿನಡಿ ಇಡಲು ಒಂದು ದಪ್ಪ ಹಲಗೆ ಬೇಕೇ ಬೇಕು, ಇಲ್ಲದಿದ್ದರೆ ಗಾಡಿ ಏಳುವ ಬದಲು ಜ್ಯಾಕೇ ಇಳಿಯುತ್ತದೆ. ಗಟ್ಟಿ ರಸ್ತೆಗೆ ಬಂದ ಕೂಡಲೇ ಪಂಪಿನಿಂದ ಮತ್ತೆ ಗಾಳಿ ತುಂಬು, ಮೆತ್ತಗಿನ ಟೈರು ವೇಗದಲ್ಲಿ ಕಾದು ಸಿಡಿಯುತ್ತದೆ. ಊರಿಗೆ ಬಂದ ಮೇಲೆ ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸು.

ಕುಡಿಯಲು ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರ್ ನೀರು, ಜೊತೆಗೆ ಎರಡು ದಿನದ್ದು ಹೆಚ್ಚುವರಿ. ಒಂದೇ ಕ್ಯಾನಿನಲ್ಲಿ ತುಂಬಬೇಡ, ಸೋರಿದರೆ ಎಲ್ಲವೂ ಹೋಯಿತು. ಇಂಧನ ಅರ್ಧಕ್ಕೆ ಇಳಿದಾಗ ಸಿಕ್ಕಿದ ಕಡೆ ತುಂಬಿಸು.

ಬೆಂಕಿಯನ್ನು ಮರಳು ಮುಚ್ಚಿ ಆರಿಸುವುದು ಕೆಟ್ಟ ಅಭ್ಯಾಸ. ಕೆಂಡ ಅಡಿಯಲ್ಲಿ ಗಂಟೆಗಟ್ಟಲೆ ಬಿಸಿಯಿದ್ದು ಬರಿಗಾಲಿನ ಮಕ್ಕಳನ್ನು ಸುಡುತ್ತದೆ. ನೀರು ಸುರಿದು, ಕೆದಕಿ, ಮತ್ತೆ ಸುರಿ.

ಬಂಡೆಗಳ ಮೇಲೆ ಹೋಗುವ ಮುನ್ನ ಕಾಲು ಗಂಟೆ ನಿಂತು ನೋಡು. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವಿನ ಶಾಂತಿ ಮೋಸದ್ದು. ಒದ್ದೆಯಾಗಿ ಕಪ್ಪಗಿರುವ ಬಂಡೆಯವರೆಗೂ ಅಲೆ ಬಂದಿದೆ ಎಂದೇ ತಿಳಿ. ಅಲೆಗೆ ಸಿಕ್ಕಿ ಹೊರಳುವ ಮರದ ದಿಮ್ಮಿಯ ಹತ್ತಿರ ಸುಳಿಯಬೇಡ. ಈಜುವಾಗ ಸೆಳೆತ ಒಳಕ್ಕೆ ಎಳೆದರೆ ದಡದತ್ತ ಗುದ್ದಾಡದೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜು, ಸೆಳೆತ ಸಡಿಲಿದ ಮೇಲೆ ದಡಕ್ಕೆ ಬಾ.

ಯಾವ ರಾತ್ರಿ ಎಲ್ಲಿ ತಂಗುತ್ತೀ, ಯಾವ ದಿನ ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಸಹಾಯಕ್ಕೆ ಕರೆಯಬೇಕು ಎಂದು ಬರೆದು ಅತ್ತೆಯ ಕೈಗೆ ಕೊಟ್ಟು ಹೊರಡು. ದಾರಿ ಬದಲಾದರೆ ಸಿಗ್ನಲ್ ಸಿಕ್ಕಿದ ಮೊದಲ ಜಾಗದಲ್ಲೇ ಅವಳಿಗೆ ತಿಳಿಸು.

ಇಂತಿ ನಿನ್ನ ಮಾವ