ಕಂಡ ಕೂಡಲೇ ಕೊಡು

ಚಿತ್ರದುರ್ಗ

ಪ್ರೀತಿಯ ಮಗಳೇ,

ಯೇಸುಸ್ವಾಮಿಯ ನಾಮದಲ್ಲಿ ಆಶೀರ್ವಾದಗಳು. ದಾವಣಗೆರೆ ಬಸ್ ನಿಲ್ದಾಣದಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದ ಜಗಳೂರು ಕಡೆಯ ತಾಯಿಗೆ ಬಸ್ಸಿನ ಖರ್ಚಿಗೆಂದು ನೀನು ಇನ್ನೂರು ರೂಪಾಯಿ ಕೊಟ್ಟದ್ದನ್ನೂ, "ಹೆಂಗಸರಿಗೆ ಬಸ್ ಉಚಿತವಲ್ಲವೇ, ನಿನಗೆ ಟೋಪಿ ಹಾಕಿದಳು" ಎಂದು ಕಚೇರಿಯವರು ನಕ್ಕದ್ದನ್ನೂ ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ನೀನು ಮಾಡಿದ್ದೇ ಸರಿ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆಯ ಎಷ್ಟೋ ಹಳ್ಳಿಗಳಿಗೆ ಖಾಸಗಿ ಬಸ್ಸೇ ಗತಿ, ಅಲ್ಲಿ ಟಿಕೆಟ್ ತೆಗೆದುಕೊಳ್ಳಲೇಬೇಕು. ಒಂದು ವೇಳೆ ಆಕೆ ಸುಳ್ಳೇ ಹೇಳಿದ್ದರೂ ನಿನ್ನ ಕನಿಕರ ಸುಳ್ಳಾಗುವುದಿಲ್ಲ. ಇನ್ನು ಮುಂದೆ ವಿಚಾರಿಸಿಯೇ ಕೊಡುತ್ತೇನೆ ಎಂದು ತೀರ್ಮಾನಿಸಿದ್ದೀಯಂತೆ. ಅದಕ್ಕಾಗಿಯೇ ಈ ಪತ್ರ.

ಬೈಬಲಿನಲ್ಲಿ ಲೂಕನ ಸುವಾರ್ತೆಯ 10ನೇ ಅಧ್ಯಾಯವನ್ನು ಮತ್ತೊಮ್ಮೆ ನಿಧಾನವಾಗಿ ಓದು. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಯಾಜಕನೂ ಕಂಡ, ದೇವಾಲಯದ ಸೇವೆಯ ಕುಲದವನಾದ ಲೇವಿಯನೂ ಕಂಡ. ಇಬ್ಬರೂ ಓರೆಯಾಗಿ ಹೋದರು. ಯೆಹೂದ್ಯರು ಹೊರಗಿನವನೆಂದು ದೂರವಿಡುತ್ತಿದ್ದ ಸಮಾರ್ಯದವನು ಕಂಡ ಕೂಡಲೇ ಮರುಗಿದ. ನೀನು ಯಾರು, ಒಂಟಿಯಾಗಿ ಇಲ್ಲಿಗೆ ಏಕೆ ಬಂದೆ ಎಂದು ಕೇಳುತ್ತಾ ನಿಲ್ಲಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ತಾನು ಏರಿ ಬಂದ ಪಶುವಿನ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆದೊಯ್ದ. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಥೆ ಇಲ್ಲಿಗೇ ಮುಗಿಯುತ್ತದೆ. ನನಗೆ ಹೆಚ್ಚು ಹಿಡಿಸುವುದು ಮರುದಿನದ ಸಂಗತಿ. ಛತ್ರದವನ ಕೈಗೆ ಎರಡು ದಿನಾರಿ, ಅಂದರೆ ಆ ಕಾಲದ ಎರಡು ದಿನದ ಕೂಲಿ ಕೊಟ್ಟು, ಇದಕ್ಕಿಂತ ಹೆಚ್ಚು ಖರ್ಚಾದರೆ ಹಿಂತಿರುಗುವಾಗ ತೀರಿಸುತ್ತೇನೆ ಎಂದ. ಆ ಕನಿಕರ ಥಟ್ಟನೆ ಹುಟ್ಟಿತು, ಥಟ್ಟನೆ ಆರಲಿಲ್ಲ.

ಕೊಡುವಾಗ ಷರತ್ತು ಹಾಕಬೇಡ. ನಮ್ಮ ಸಭೆಗೆ ಬಾ ಎನ್ನಬೇಡ, ಕರಪತ್ರ ಕೊಡಬೇಡ, ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಲೇಬೇಡ. ಇದನ್ನು ನಮ್ಮವರಲ್ಲೇ ಕೆಲವರು ಮಾಡುವುದನ್ನು ಕಂಡು ನನಗೆ ಸಂಕಟವಾಗುತ್ತದೆ. ಸ್ವಾಮಿಯು ಹತ್ತು ಮಂದಿ ಕುಷ್ಠರೋಗಿಗಳನ್ನು ಶುದ್ಧಮಾಡಿದಾಗ ಉಪಕಾರ ನೆನೆದು ತಿರುಗಿ ಬಂದವನು ಒಬ್ಬನೇ, ಅವನೂ ಸಮಾರ್ಯದವನೇ. ಉಳಿದ ಒಂಬತ್ತು ಮಂದಿಗೆ ರೋಗ ಮರುಕಳಿಸಿತೆಂದು ಎಲ್ಲೂ ಬರೆದಿಲ್ಲ.

ಸಾಲ ಮಾಡಿ ಕೊಡು ಎನ್ನುತ್ತಿಲ್ಲ. ಕೈ ಬರಿದಾಗಿರುವ ದಿನ ಇಲ್ಲವೆಂದು ಮುಖ ನೋಡಿಯೇ ಹೇಳು. ದೇವಾಲಯದ ಬಾಗಿಲಲ್ಲಿದ್ದ ಕುಂಟನಿಗೆ ಕೊಡಲು ಯೇಸುವಿನ ಶಿಷ್ಯ ಪೇತ್ರನ ಬಳಿ ಬೆಳ್ಳಿಬಂಗಾರವಿರಲಿಲ್ಲ. ಆದರೂ ಅವನನ್ನು ದೃಷ್ಟಿಸಿ ನೋಡಿದ, ಕೈಹಿಡಿದು ಎತ್ತಿದ. ಈಗ ನೀವೆಲ್ಲ ಫೋನಿನಲ್ಲೇ ಹಣ ಕೊಡುವವರು, ಪರ್ಸಿನಲ್ಲಿ ನೋಟೇ ಇರುವುದಿಲ್ಲ. ಸಂಬಳ ಬಂದ ದಿನವೇ ಒಂದಿಷ್ಟು ಚಿಲ್ಲರೆ ನೋಟು ಬೇರೆಯಾಗಿ ಇಟ್ಟುಕೋ. ಅದನ್ನು ದಶಮಾಂಶದ, ಅಂದರೆ ದೇವರಿಗೆಂದು ಕೊಡುವ ಹತ್ತನೇ ಒಂದು ಪಾಲಿನ ಲೆಕ್ಕಕ್ಕೆ ಸೇರಿಸಬೇಡ.

ಇನ್ನೊಂದು ಮಾತು. ಭಾನುವಾರ ಆರಾಧನೆ ಮುಗಿದ ಮೇಲೆ ಬಿಡುವಿದ್ದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಕಡೆ ಹೋಗು. ಜಿಲ್ಲಾ ಆಸ್ಪತ್ರೆಗಳಲ್ಲಿ ರೋಗಿಗೆ ಹೇಗೋ ಊಟ ಸಿಗುತ್ತದೆ. ಹಳ್ಳಿಯಿಂದ ಜೊತೆಗೆ ಬಂದವರು ವರಾಂಡದಲ್ಲಿ ಚಾಪೆ ಹಾಸಿಕೊಂಡು, ಚೀಲದಲ್ಲಿ ತಂದ ಮಂಡಕ್ಕಿಯಲ್ಲೇ ದಿನ ದೂಡುವುದನ್ನು ನಾನು ಕಂಡಿದ್ದೇನೆ. ಒಂದೆರಡು ಇಡ್ಲಿ ಪೊಟ್ಟಣ, ಫ್ಲಾಸ್ಕಿನಲ್ಲಿ ಬಿಸಿನೀರು ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತು ಮಾತನಾಡಿಸು. ಹೊರಗಿನಿಂದ ಮಾತ್ರೆ ತರಲು ಚೀಟಿ ಹಿಡಿದು ದಿಕ್ಕು ತೋಚದೆ ನಿಂತವರಿದ್ದರೆ ಔಷಧಿ ಅಂಗಡಿಯವರೆಗೆ ನೀನೇ ಹೋಗಿ ಬಾ, ಮರುದಿನವೂ ಒಮ್ಮೆ ವಿಚಾರಿಸು.

ನಿನ್ನ ದೊಡ್ಡಮ್ಮ